ಆಯ್ಕೆಗೆ ಮುಂಚಿನ ವಾರ

ಕಲಾವತಿಯ ಹಿಡಿತದ ಬಗ್ಗೆ ಆ ಜೂಡೋ ಕ್ಲಬ್ಬಿನಲ್ಲಿ ಒಂದು ತಮಾಷೆ ಚಾಲ್ತಿಯಲ್ಲಿತ್ತು. ಅವಳ ಕೈಗೆ ಕಾಲರ್ ಸಿಕ್ಕರೆ ಬಿಡಿಸಿಕೊಳ್ಳಲು ಒದ್ದಾಡಬೇಡ, ಅಂಗಿಯನ್ನೇ ಬಿಚ್ಚಿಕೊಟ್ಟು ಮನೆಗೆ ಹೋಗು ಎಂದು ಹುಡುಗರು ಹೊಸಬರಿಗೆ ಹೇಳುತ್ತಿದ್ದರು. ಕಲಾವತಿ ಕೇಳಿಸಿಕೊಂಡು ಸುಮ್ಮನೆ ನಗುತ್ತಿದ್ದಳು. ಹದಿನೇಳರ ಸಣಕಲು ಹುಡುಗಿ. ಆ ಮಣಿಕಟ್ಟು ನೋಡಿದವರು ಅದರಲ್ಲಿ ಅಷ್ಟು ಬಲ ಇದೆಯೆಂದು ನಂಬುತ್ತಿರಲಿಲ್ಲ.

ಕ್ಲಬ್ ಇದ್ದದ್ದು ವಿಜಯನಗರದ ಪಕ್ಕದ ಆರ್‌ಪಿಸಿ ಲೇಔಟಿನ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ. ಕೆಳಗೆ ಮೆಡಿಕಲ್ ಸ್ಟೋರು, ಚಪ್ಪಲಿ ಅಂಗಡಿ. ಸಂಜೆಯಾದರೆ ಮೇಲಿನಿಂದ ಮಕ್ಕಳು ಮ್ಯಾಟಿನ ಮೇಲೆ ಬೀಳುವ ದಬದಬ ಸದ್ದು. ಕೋಚ್ ನಾಗಭೂಷಣ್ ಒಂದು ಕಾಲದಲ್ಲಿ ರಾಜ್ಯಕ್ಕೆ ಆಡಿದವರು. ಮೊಣಕಾಲು ಕೆಟ್ಟ ಮೇಲೆ ಕಲಿಸುವುದಕ್ಕೆ ನಿಂತಿದ್ದರು. ಕಲಾವತಿಯನ್ನು ಹುಡುಕಿದವರೂ ಅವರೇ. ಕಾಮಾಕ್ಷಿಪಾಳ್ಯದ ಸರ್ಕಾರಿ ಶಾಲೆಯ ಕ್ರೀಡಾದಿನಕ್ಕೆ ಅತಿಥಿಯಾಗಿ ಬಂದಿದ್ದಾಗ ಹಗ್ಗಜಗ್ಗಾಟ ನಡೆದಿತ್ತು. ಒಂದು ಕಡೆಯ ಹುಡುಗಿಯರೆಲ್ಲ ಕೈಬಿಟ್ಟು ಹಿಂದಕ್ಕೆ ಬಿದ್ದಮೇಲೂ ಒಬ್ಬಳು ಮಾತ್ರ ಹಗ್ಗ ಬಿಡದೆ ಮಣ್ಣಿನಲ್ಲಿ ಹೊಟ್ಟೆ ಮೇಲೆ ಎಳೆಸಿಕೊಂಡು ಹೋದಳು. ಮಾರನೆಯ ದಿನವೇ ನಾಗಭೂಷಣ್ ವಿಳಾಸ ಕೇಳಿಕೊಂಡು ಅವಳ ಮನೆಗೆ ಬಂದರು.

ಅಪ್ಪ ಈರಪ್ಪ ಗೂಡ್ಸ್ ಆಟೋ ಓಡಿಸುತ್ತಿದ್ದ; ಸುಂಕದಕಟ್ಟೆಯ ಶೆಡ್ಡುಗಳಿಂದ ಕಬ್ಬಿಣದ ಸಾಮಾನು ಸಾಗಿಸುವುದು ಅವನ ಕೆಲಸ. ಅವ್ವ ಕಸ್ತೂರೆವ್ವ ಗಾರ್ಮೆಂಟ್ಸಿನಲ್ಲಿ ಹೊಲಿದ ಅಂಗಿಗಳನ್ನು ಚೆಕ್ ಮಾಡುತ್ತಿದ್ದಳು. ರೋಣದ ಕಡೆಯಿಂದ ಬಂದ ಈ ಇಬ್ಬರಿಗೂ ಜೂಡೋ ಎಂಬ ಹೆಸರೇ ಹೊಸದು.

"ಹಿಂಗೆ ಹಿಡ್ಕೊಳ್ಳೋ ಕೈ ಎಲ್ರಿಗೂ ಬರಲ್ಲ ಈರಪ್ಪನವ್ರೇ. ನಂಗೆ ಬಿಡಿ, ನಾನು ನೋಡ್ಕೊತೀನಿ" ಎಂದಿದ್ದರು ನಾಗಭೂಷಣ್.

ನೋಡಿಕೊಂಡರು ಕೂಡ. ಫೀಸು ಎಂಬ ಮಾತೇ ಎತ್ತಲಿಲ್ಲ. ಅವಳಿಗೆ ಡೆಂಗಿ ಬಂದಾಗ ತಮ್ಮ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮುಂಚೆ ಅಭ್ಯಾಸ ನಿಲ್ಲಿಸಿ, ಓದು ಎಂದು ಗದರಿ ಮನೆಗೆ ಕಳಿಸಿದರು. ಮನೆಯಲ್ಲಿ ಏನೇ ತೀರ್ಮಾನವಾಗಬೇಕಾದರೂ ಈರಪ್ಪ, "ಸರ್‌ನ ಒಂದ್ ಮಾತು ಕೇಳು" ಎನ್ನುವ ಮಟ್ಟಕ್ಕೆ ಆ ನಂಬಿಕೆ ಬೆಳೆದಿತ್ತು.

ಕ್ಲಬ್ಬಿನಲ್ಲಿ ಕಲಾವತಿಗೆ ಸರಿಸಮ ಅಂತ ಇದ್ದವಳು ಧನುಶ್ರೀ ಒಬ್ಬಳೇ. ಆ ಕಟ್ಟಡದ ಮಾಲೀಕ ಮಂಜುನಾಥ್ ಅವರ ಮಗಳು. ಲೇಔಟ್ ಆಗುವ ಮುಂಚೆ ಅಲ್ಲೆಲ್ಲ ಇವರದೇ ಹೊಲವಂತೆ. ಧನುಶ್ರೀಗೆ ಅದರ ಬಿಂಕವಿರಲಿಲ್ಲ. ಅಭ್ಯಾಸ ಮುಗಿದ ಮೇಲೆ ಕಲಾವತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮನೆವರೆಗೂ ಬಿಡುತ್ತಿದ್ದಳು. ಕಸ್ತೂರೆವ್ವನ ಕೈಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದುಕೊಂಡು, "ಆಂಟಿ, ನನ್ನೂ ಇಲ್ಲೇ ಇಟ್ಕೊಂಡ್ಬಿಡಿ" ಎನ್ನುತ್ತಿದ್ದಳು.

ಹಿಂದಿನ ವರ್ಷ ನಾಗಭೂಷಣ್ ಹಿಡಿತದ ಬಲ ಅಳೆಯುವ ಒಂದು ಮೀಟರ್ ತಂದಿದ್ದರು. ಅದರ ಹಿಡಿಯನ್ನು ಮುಷ್ಟಿಯಲ್ಲಿ ಅದುಮಿದರೆ ಗಾಜಿನ ಹಿಂದೆ ಮುಳ್ಳು ಸರಿಯುತ್ತಿತ್ತು. ಮೊದಲ ಸಲ ಅದುಮಿದಾಗ ಹುಡುಗಿಯರಲ್ಲಿ ಧನುಶ್ರೀಯದೇ ಮೇಲುಗೈ. ಅವಳು ಕುಣಿದಾಡಿದಳು.

"ತಡಿ, ಈಗ್ಲೇ ಕುಣೀಬೇಡ. ನಿಲ್ಲಿಸ್ದೆ ಅದುಮ್ತಾ ಹೋಗಿ, ಇಬ್ರೂ" ಎಂದರು ನಾಗಭೂಷಣ್.

ಅದುಮುತ್ತಾ ಹೋದಂತೆ ಧನುಶ್ರೀಯ ಮುಳ್ಳು ಇಳಿಯತೊಡಗಿತು. ಕೊನೆಗೆ ಅವಳು ಕೈ ಜಾಡಿಸಿ ಕುಳಿತೇಬಿಟ್ಟಳು. ಕಲಾವತಿಯದು ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ನಾಗಭೂಷಣ್ ಎಲ್ಲ ಮಕ್ಕಳನ್ನೂ ಹತ್ತಿರ ಕರೆದು, "ನೋಡಿ, ಬಲ ಬೇರೆ, ತಾಳಿಕೆ ಬೇರೆ. ಆಟ ಉದ್ದ ಆದ್ರೆ ಯಾರ ಬೆರಳು ಮುಚ್ಚಿರುತ್ತೋ ಅವರೇ ಗೆಲ್ಲೋದು" ಎಂದರು. ಅಭ್ಯಾಸದ ಪಂದ್ಯಗಳಲ್ಲೂ ಹಾಗೆಯೇ ಆಗುತ್ತಿತ್ತು. ಶುರುವಿನಲ್ಲೇ ಧನುಶ್ರೀ ಕೆಡವಿದರೆ ಸರಿ, ಇಲ್ಲದಿದ್ದರೆ ಆಟ ಕಲಾವತಿಯದು.

ಈ ವರ್ಷ ರಾಷ್ಟ್ರೀಯ ಪಂದ್ಯಾವಳಿಗೆ ರಾಜ್ಯ ತಂಡದ ಆಯ್ಕೆ ಬಂತು. ಇಬ್ಬರದೂ ಒಂದೇ ತೂಕದ ವಿಭಾಗ. ಹೋಗುವವಳು ಒಬ್ಬಳೇ.

ಆಯ್ಕೆಗೆ ಒಂದು ವಾರವಿದ್ದಾಗ ನಾಗಭೂಷಣ್ ಕಲಾವತಿಯನ್ನು ಪಕ್ಕಕ್ಕೆ ಕರೆದರು. "ನಾಳೆಯಿಂದ ಬೆಳಗ್ಗೆ ಬೇಗ ಬಾ. ನಿನ್ನೊಬ್ಬಳಿಗೇ ಸ್ಪೆಷಲ್ ಟ್ರೈನಿಂಗ್. ಯಾರಿಗೂ ಹೇಳಕ್ಕೆ ಹೋಗ್ಬೇಡ, ಉಳಿದವರು ಬೇಜಾರ್ ಮಾಡ್ಕೊತಾರೆ."

ಅವಳಿಗೆ ಆ ದಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬೆಳಗ್ಗೆ ಕ್ಲಬ್ಬಿನ ಖಾಲಿ ಹಾಲ್‌ನಲ್ಲಿ ಅವರಿಬ್ಬರೇ. ಕಬ್ಬಿಣದ ಬಾರಿನ ಮೇಲೆ ಜೂಡೋ ಅಂಗಿಯೊಂದನ್ನು ಇಳಿಬಿಟ್ಟು, ಅದರ ತೋಳುಗಳನ್ನು ಹಿಡಿದು ನೇತಾಡಬೇಕು. ಕೈ ಸೋತು ಇಳಿದರೆ ಮರಳಿನ ಚೀಲವನ್ನು ಹಗ್ಗದಿಂದ ಎಳೆಯಬೇಕು. ಅದಾದ ಮೇಲೆ ನೀರು ತುಂಬಿದ ಕ್ಯಾನುಗಳನ್ನು ಹಿಡಿದು ಹಾಲ್ ಸುತ್ತಬೇಕು. ಆಮೇಲೆ ಮತ್ತೆ ಬಾರು. "ಶಭಾಷ್, ಇನ್ನೊಂದ್ಸಲ" ಎನ್ನುತ್ತಿದ್ದರು ನಾಗಭೂಷಣ್. ಅಂಗೈಯ ಸಿಪ್ಪೆ ಕಿತ್ತು ಬಂದಾಗ ತಾವೇ ಟೇಪ್ ಸುತ್ತಿದರು. ಸಂಜೆ ಎಂದಿನ ಅಭ್ಯಾಸ ಬೇರೆ. ಧನುಶ್ರೀ ಮಾತ್ರ ಆ ವಾರ ಕಾಣಲಿಲ್ಲ. ಕೇಳಿದರೆ, "ಅವಳಿಗೆ ಜ್ವರ ಕಣಮ್ಮ. ಫೋನ್ ಗೀನ್ ಮಾಡಿ ತೊಂದ್ರೆ ಕೊಡ್ಬೇಡ, ಮಲಗಲಿ" ಎಂದರು.

ವಾರದ ನಡುವೆ ಕಲಾವತಿಯ ಮುಂಗೈಗಳು ಮರದ ಕೊರಡಿನಂತಾದವು. ಕಾಲೇಜಿನಲ್ಲಿ ಪೆನ್ನು ಹಿಡಿದರೆ ಅಕ್ಷರ ಸೊಟ್ಟಗೆ ಹೋಗುತ್ತಿತ್ತು. ರಾತ್ರಿ ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯಲು ಆಗದೆ ತಟ್ಟೆಯನ್ನೇ ನೋಡುತ್ತಾ ಕುಳಿತಳು. ಕಸ್ತೂರೆವ್ವ ತಾನೇ ಮುರಿದು ತುತ್ತು ಮಾಡಿ ಕೊಟ್ಟಳು.

"ಯಾಕವಾ, ಕೈ ಹಿಂಗ್ಯಾಕ ನಡುಗಾಕತ್ತಾವ? ನಿಮ್ಮ ಸರ್‌ಗೆ ಹೇಳಿಯೇನ?"

"ಅವ್ರಿಗೆ ಎಲ್ಲಾ ಗೊತ್ತಿರ್ತದ ಬಿಡವ್ವಾ."

ಆದರೂ ಮಾರನೆಯ ದಿನ ಹೇಳಿದಳು. "ಸರ್, ಬೆರಳು ಪೂರ್ತಿ ಮಡಚಕ್ಕೇ ಆಗ್ತಿಲ್ಲ. ಇವತ್ತೊಂದಿನ ಬಿಡ್ಲಾ?"

ನಾಗಭೂಷಣ್ ಅವಳ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡು ಮುಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಅವಳು ನೋವಿಗೆ ಹಲ್ಲು ಕಚ್ಚಿದಳು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ನೋವು ಅಂದ್ರೆ ಗಟ್ಟಿಯಾಗ್ತಿದೆ ಅಂತ ಕಣಮ್ಮ. ನಾನಿದೀನಲ್ಲ" ಎಂದರು.

ಅವಳು ಬಾರಿಗೆ ಹಾರಿ ಅಂಗಿಯ ತೋಳು ಹಿಡಿದಳು. ಆಯ್ಕೆಯ ಹಿಂದಿನ ದಿನವೂ ನೇತಾಡಿದಳು.

ಆಯ್ಕೆ ನಡೆದದ್ದು ಊರಾಚೆಯ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ. ಮೊದಲ ಎರಡು ಪಂದ್ಯಗಳನ್ನು ಕಲಾವತಿ ಬೇಗ ಮುಗಿಸಿದಳು. ಎದುರಾಳಿಗಳು ಅನುಭವವಿಲ್ಲದವರು, ಕಾಲಿನ ಚುರುಕಿನಲ್ಲೇ ಬಿದ್ದರು. ಆದರೆ ಎರಡನೆಯವಳನ್ನು ಕೆಡವಿ ಎದ್ದಾಗ ಎಡಗೈಯ ಕೊನೆಯ ಎರಡು ಬೆರಳುಗಳು ತಾವಾಗಿಯೇ ಅದುರುತ್ತಿದ್ದವು. ಫೈನಲಿಗೆ ಎದುರಿಗೆ ಬಂದವಳು ಧನುಶ್ರೀ. ಜ್ವರ ಬಿಟ್ಟ ಮುಖ ಅದಾಗಿರಲಿಲ್ಲ. ಕೆನ್ನೆ ತುಂಬಿಕೊಂಡು ಕಳೆಕಳೆಯಾಗಿದ್ದಳು. ನಾಗಭೂಷಣ್ ಕೋಚಿನ ಕುರ್ಚಿಯಲ್ಲಿ ಕೂರಲಿಲ್ಲ. "ಇಬ್ರೂ ನನ್ನ ಮಕ್ಕಳೇ. ನಾನು ಯಾರ ಕಡೆ ಕೂರ್ಲಿ?" ಎಂದು ದೂರದ ಗ್ಯಾಲರಿಗೆ ಹೋದರು. ಪಕ್ಕದಲ್ಲಿದ್ದವರೆಲ್ಲ ಅದನ್ನು ಮೆಚ್ಚಿಕೊಂಡರು.

ನಿಗದಿತ ಸಮಯ ಮುಗಿದಾಗ ಅಂಕ ಸಮವಿತ್ತು. ಹಾಗಾದರೆ ಯಾರಾದರೊಬ್ಬರು ಅಂಕ ಗಳಿಸುವವರೆಗೂ ಆಟ ನಡೆಯುತ್ತಲೇ ಇರಬೇಕು. ಕಲಾವತಿ ಕಾಯುತ್ತಿದ್ದ ಹೊತ್ತು ಅದೇ. ಇಲ್ಲಿಂದಾಚೆ ಧನುಶ್ರೀಯ ಕೈ ಸೋಲುತ್ತದೆ, ತನ್ನದು ಸೋಲುವುದಿಲ್ಲ. ಅವಳು ಧನುಶ್ರೀಯ ಕಾಲರನ್ನು ಬಲಗೈಯಲ್ಲಿ, ತೋಳನ್ನು ಎಡಗೈಯಲ್ಲಿ ಹಿಡಿದು ಹತ್ತಿರಕ್ಕೆ ಎಳೆದಳು. ಎಳೆಯುತ್ತಿದ್ದಂತೆ ಎಡಗೈಯ ಬೆರಳುಗಳು ಬಿಚ್ಚಿಕೊಂಡವು. ಧನುಶ್ರೀ ಬಿಡಿಸಿದ್ದಲ್ಲ. ತಾವಾಗಿಯೇ, ಒಂದಾದ ಮೇಲೊಂದು. ಮತ್ತೆ ಹಿಡಿದಳು, ಮತ್ತೆ ಬಿಚ್ಚಿಕೊಂಡವು. ಹಿಡಿ ಎಂದು ಅವಳು ಹೇಳುತ್ತಿದ್ದಳು, ಕೈ ಕೇಳುತ್ತಿರಲಿಲ್ಲ. ಮೂರನೆಯ ಸಲ ಅವಳ ಕೈ ಜಾರಿದ ಗಳಿಗೆಯಲ್ಲಿ ಧನುಶ್ರೀ ತಿರುಗಿ ಬೆನ್ನ ಮೇಲೆ ಎತ್ತಿ ಒಗೆದಳು. ಕಲಾವತಿಗೆ ಮೇಲಿನ ದೀಪಗಳು ಕಂಡವು. ರೆಫರಿಯ ಕೈ ಮೇಲೆದ್ದದ್ದು ಕಂಡಿತು.

ನಾಗಭೂಷಣ್ ಬಂದು ಬೆನ್ನು ತಟ್ಟಿದರು. "ಇರ್ಲಿ ಬಿಡು. ಮುಂದಿನ್ ವರ್ಷ ಇದ್ದೇ ಇದೆ."

"ನನ್ನ ಕೈ ಸರ್..." ಎಂದಳು. ಅವರು ಆಗಲೇ ಮಂಜುನಾಥ್ ಕೂಗಿದ ಕಡೆಗೆ ತಿರುಗಿದ್ದರು.

ಅವಳು ಹಿಂಬದಿಯ ನಲ್ಲಿಯ ಹತ್ತಿರ ಹೋಗಿ ತಣ್ಣೀರಿಗೆ ಕೈಯೊಡ್ಡಿ ನಿಂತಳು. ಸ್ವಲ್ಪ ಹೊತ್ತಿಗೆ ಧನುಶ್ರೀ ಓಡಿಬಂದು ಅಪ್ಪಿಕೊಂಡಳು. ಗೆದ್ದವಳಾದರೂ ಅವಳ ಕಣ್ಣಲ್ಲಿ ನೀರಿತ್ತು.

"ಲೇ, ನಿನ್ ಕೈಗೇನಾಯ್ತೇ? ನೀನು ಬಿಟ್ಬಿಟ್ಟೆ ಅಂತ ನಂಗೇ ನಂಬಕ್ಕಾಗ್ತಿಲ್ಲ."

"ಸುಸ್ತಾಗೋಗಿತ್ತು ಕಣೇ."

"ಒಂದ್ ವಾರ ರೆಸ್ಟ್ ಮಾಡಿದ್ಮೇಲೂ ಸುಸ್ತಾ?"

"ಯಾವ ರೆಸ್ಟು?"

"ಅದೇ, ಸರ್ ಹೇಳಿದ್ರಲ್ಲ. ಪಂದ್ಯಕ್ ಮುಂಚೆ ಮುಂಗೈಗೆ ಏನೂ ಕೆಲಸ ಕೊಡ್ಬಾರ್ದು, ದಣಿದಿದ್ದೆಲ್ಲ ತುಂಬ್ಕೋಬೇಕು ಅಂತ. ಸ್ಕೂಟರ್ ಕೂಡ ಮುಟ್ಬೇಡ ಅಂದಿದ್ರು. ಚಪಾತಿ ಹಿಟ್ಟು ಕಲಸು ಅಂತ ಅಮ್ಮ ಅಂದಿದ್ದಕ್ಕೆ ಅಪ್ಪ ಬೈದ್ರು ಗೊತ್ತಾ? ನಿಂಗೂ ಅದನ್ನೇ ಹೇಳಿದೀನಿ, ನೀನೂ ಮನೇಲೇ ಇದೀಯ ಅಂದ್ರು ಸರ್."

ಕಲಾವತಿ ನಲ್ಲಿ ನಿಲ್ಲಿಸಲು ಹೋದಳು. ಬೆರಳು ತಿರುಗಲಿಲ್ಲ. ಧನುಶ್ರೀಯೇ ನಿಲ್ಲಿಸಿದಳು.

"ನಿಂಗೆ ಜ್ವರ ಬಂದಿರ್ಲಿಲ್ವಾ?"

"ಜ್ವರಾನಾ? ಯಾರಂದ್ರು?"

ಬಸ್ಸಿನಲ್ಲಿ ಕಲಾವತಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಬೇರೆ ಏನಾದರೂ ಕಾರಣವಿರಬಹುದೇ ಎಂದು ದಾರಿಯುದ್ದಕ್ಕೂ ಹುಡುಕಿದಳು. ಸರ್‌ಗೆ ಲೆಕ್ಕ ತಪ್ಪಿರಬಹುದು. ನನ್ನ ಕೈಗೆ ರೆಸ್ಟ್ ಬೇಡ ಅಂದುಕೊಂಡಿರಬಹುದು. ಹೀಗೆ ಒಂದೊಂದೇ ಹೇಳಿಕೊಂಡಳು. ಆದರೆ ಜ್ವರದ ಮಾತಿಗೆ ಬಂದಾಗಲೆಲ್ಲ ಎಲ್ಲವೂ ಕುಸಿದುಬೀಳುತ್ತಿತ್ತು. ಕೈ ಮುಟ್ಟಿ ನೋಡಿದ್ದರಲ್ಲ, ಒತ್ತಿ ನೋಡಿದ್ದರಲ್ಲ. ಅಂದು ಅವರು ಸುಮ್ಮನಿದ್ದ ಆ ಸ್ವಲ್ಪ ಹೊತ್ತು ಅವಳಿಗೆ ಈಗ ಬೇರೆಯಾಗಿ ಕಾಣತೊಡಗಿತು.

ಅವಳು ಕ್ಲಬ್ಬಿಗೆ ಹೋಗುವುದನ್ನು ನಿಲ್ಲಿಸಿದಳು. ಅಪ್ಪ ಅವ್ವನಿಗೆ ಎಲ್ಲ ಹೇಳಿದಳು. ಈರಪ್ಪ ನಂಬಲೇ ಇಲ್ಲ. "ಅವ್ರು ಹಂಗ ಮಾಡೂ ಮನಷ್ಯಾ ಅಲ್ಲವಾ. ನೀ ಏನೋ ತಪ್ಪು ತಿಳ್ಕೊಂಡಿ" ಎಂದ.

ಆ ಭಾನುವಾರ ನಾಗಭೂಷಣ್ ತಾವೇ ಮನೆಗೆ ಬಂದರು. ಕೈಯಲ್ಲಿ ಹೊಸ ಜೂಡೋ ಅಂಗಿಯ ಪೊಟ್ಟಣ. ಈರಪ್ಪ ಎಂದಿನಂತೆ ಕುರ್ಚಿ ಒರೆಸಿ ಹಾಕಿದ. ಅವರು ಕುಳಿತು, ಮುಂದಿನ ವರ್ಷದ ಟೂರ್ನಮೆಂಟುಗಳ ಬಗ್ಗೆ, ಕಲಾವತಿಗೆ ಇರುವ ಭವಿಷ್ಯದ ಬಗ್ಗೆ ಮಾತಾಡತೊಡಗಿದರು. ಕಲಾವತಿ ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡಳು. ಅವರು ಉಸಿರು ತೆಗೆದುಕೊಂಡಾಗ ಕೇಳಿದಳು:

"ಸರ್, ಧನುಗೆ ಜ್ವರ ಬಂದಿತ್ತಾ?"

ನಾಗಭೂಷಣ್ ಈರಪ್ಪನ ಕಡೆ ನೋಡಿದರು. ಈರಪ್ಪ, "ಹೇಳ್ರಿ ಸರ್, ಬಂದಿತ್ತು ಅಂತ ಹೇಳ್ರಿ" ಎಂದ. ಬೇಡಿಕೊಳ್ಳುವವನ ದನಿ ಅದು.

"ಬಂದಿರ್ಲಿಲ್ಲ" ಎಂದರು ನಾಗಭೂಷಣ್.

ಆಮೇಲೆ ಅವರು ಏನನ್ನೂ ಮುಚ್ಚಿಡಲಿಲ್ಲ. "ಮಂಜುನಾಥ್ ಬಾಯ್ಬಿಟ್ಟು ಏನೂ ಕೇಳ್ಲಿಲ್ಲ ಈರಪ್ಪನವ್ರೇ. ಫರ್ನಿಚರ್ ಶೋರೂಮ್‌ನವರು ನಮ್ ಹಾಲ್ ನೋಡ್ಕೊಂಡು ಹೋದ್ರು ಅಂದ್ರು. ಅದಾದ್ಮೇಲೆ ಮಗಳ ಸೆಲೆಕ್ಷನ್ ಮಾತು ತೆಗೆದ್ರು. ಅಷ್ಟೇ. ನಂಗೆ ಅರ್ಥ ಆಯ್ತು. ಆ ಜಾಗ ಹೋದ್ರೆ ಅಷ್ಟೂ ಮಕ್ಕಳನ್ನ ನಾನು ಎಲ್ಲಿಗೆ ಕರ್ಕೊಂಡು ಹೋಗ್ಲಿ? ಕಲಾಗೆ ಇನ್ನೂ ವಯಸ್ಸಿದೆ. ಮುಂದಿನ್ ವರ್ಷ ಹೋಗ್ತಾಳೆ ಅಂದ್ಕೊಂಡೆ. ಧನು ಕೈಲಿ ಇವಳನ್ನ ಸೋಲ್ಸಕ್ಕೆ ಆಗಲ್ಲ ಅಂತ ನಂಗೆ ಗೊತ್ತಿತ್ತು. ಅದಕ್ಕೆ..."



"ಅದಕ್ಕೆ ನನ್ ಕೈಲೇ ನನ್ನ ಸೋಲ್ಸಿದ್ರಿ" ಎಂದಳು ಕಲಾವತಿ. "ನೀನು ಸೋತುಬಿಡು ಅಂತ ನನ್ ಮುಖ ನೋಡ್ಕೊಂಡು ಹೇಳಿದ್ರೆ ನಾನು ಅಳ್ತಿದ್ದೆ, ಜಗಳ ಆಡ್ತಿದ್ದೆ. ಆಮೇಲೆ ಒಪ್ಕೊಂತಿದ್ನೋ ಏನೋ, ಗೊತ್ತಿಲ್ಲ. ನೀವು ಕೇಳ್ಲೇ ಇಲ್ಲ. ನಾನು ನೇತಾಡ್ತಿದ್ದಾಗ ಕೆಳಗೆ ನಿಂತ್ಕೊಂಡು ಶಭಾಷ್ ಅಂತಿದ್ರಿ. ಆ ಒಂದು ಶಭಾಷ್ ಕೇಳಕ್ಕೆ ನಾನು ಇನ್ನೊಂದ್ಸಲ ನೇತಾಡ್ತಿದ್ದೆ ಸರ್. ಅದೂ ಸುಳ್ಳಾ?"

ನಾಗಭೂಷಣ್ ಕೈಯಲ್ಲಿದ್ದ ಪೊಟ್ಟಣವನ್ನು ನೆಲಕ್ಕಿಟ್ಟರು. ಹೊರಗೆ ಯಾರೋ ಗಾಡಿ ತೆಗೆಯಲು ಹಾರನ್ ಹೊಡೆಯುತ್ತಿದ್ದರು.

ಅಡುಗೆ ಕಟ್ಟೆಯ ಹತ್ತಿರ ಇಷ್ಟು ಹೊತ್ತೂ ಬೆನ್ನು ಹಾಕಿ ನಿಂತಿದ್ದ ಕಸ್ತೂರೆವ್ವ ಈಗ ತಿರುಗಿದಳು. "ನಮ್ಮ ಕಡೆ ಮನಿಗೆ ಬಂದವ್ರಿಗೆ ಚಾ ಕೊಡದ ಕಳಸೂದಿಲ್ಲರಿ. ವೈರಿ ಬಂದ್ರೂ ಕೊಡ್ತೇವಿ. ಇವತ್ತು ನಿಮಗ ಕೊಡಾಕ ನನ್ನ ಕೈಲೆ ಆಗೂದಿಲ್ಲ. ಎದ್ದ ಹೋಗ್ರಿ."

ಈರಪ್ಪ ಪೊಟ್ಟಣ ಎತ್ತಿ ಅವರ ಕೈಗೆ ಕೊಟ್ಟ. ಬಾಗಿಲವರೆಗೂ ಹೋಗಿ ಬಿಟ್ಟುಬಂದ. ಮಂಚದ ಮೇಲೆ ಕುಳಿತು, ಮಗಳ ಕಡೆ ನೋಡದೆ, "ನಿನ್ನ ಅವ್ರ ಕೈಯಾಗ ಕೊಟ್ಟಾಂವ ನಾನ" ಎಂದ. ಕಲಾವತಿ ಅಲ್ಲಿಯತನಕ ಅತ್ತಿರಲಿಲ್ಲ.

ಧನುಶ್ರೀಗೆ ಏನೂ ಗೊತ್ತಿರಲಿಲ್ಲ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅವಳನ್ನು ಕಾಲೇಜಿನ ಹತ್ತಿರ ಕರೆಸಿ ಎಲ್ಲ ಹೇಳಿದಳು. ಧನುಶ್ರೀಯ ಮುಖ ಬಿಳಿಚಿಕೊಂಡಿತು.

"ಥೂ! ಇಂಥ ಗೆಲುವು ಯಾರಿಗ್ ಬೇಕೇ? ನಾನು ಹೋಗಲ್ಲ. ಇವತ್ತೇ ಅಪ್ಪನ ಹತ್ರ ಮಾತಾಡ್ತೀನಿ. ಅಸೋಸಿಯೇಷನ್‌ನವರಿಗೆ ಹೇಳಣ, ಇನ್ನೊಂದ್ಸಲ ಪಂದ್ಯ ಇಡ್ಲಿ. ನಾವಿಬ್ರೇ ಆಡಣ. ಆಯ್ತಾ?" ಕಲಾವತಿಯ ಎರಡೂ ಕೈ ಹಿಡಿದುಕೊಂಡು ಹೇಳಿದಳು.

ಕಲಾವತಿ ಫೋನಿಗಾಗಿ ಕಾದಳು. ಎರಡು ದಿನ ಬರಲಿಲ್ಲ. ಇವಳು ಮಾಡಿದರೆ ಆ ಕಡೆ ಎತ್ತಲಿಲ್ಲ. ಮುಂದಿನ ವಾರ ಧನುಶ್ರೀಯ ಸ್ಟೇಟಸ್ಸಿನಲ್ಲಿ ಒಂದು ಫೋಟೊ ಬಂತು: ರಾಜ್ಯ ತಂಡದ ಟ್ರ್ಯಾಕ್ ಸೂಟ್ ಹಾಕಿಕೊಂಡು ರೈಲ್ವೆ ಸ್ಟೇಷನ್ನಿನಲ್ಲಿ ನಿಂತ ಧನುಶ್ರೀ, ಒಂದು ಪಕ್ಕದಲ್ಲಿ ಅಪ್ಪ, ಇನ್ನೊಂದು ಪಕ್ಕದಲ್ಲಿ ನಾಗಭೂಷಣ್. ಆ ಸಂಜೆ ಒಂದು ಮೆಸೇಜ್ ಬಂತು. "ಸಾರಿ ಕಣೇ. ಮನೇಲಿ ತುಂಬಾ ಗಲಾಟೆ ಆಯ್ತು. ನಂಗೂ ಹೋಗ್ಬೇಕು ಅನ್ನಿಸ್ತು. ಸುಳ್ಳು ಹೇಳಲ್ಲ."

ಸರ್ ಮಾಡಿದ್ದಕ್ಕಿಂತ ಈ ಮೆಸೇಜ್ ಅವಳನ್ನು ಹೆಚ್ಚು ಚುಚ್ಚಿತು. ಸರ್ ದೊಡ್ಡವರು, ಅವರಿಗೆ ಕ್ಲಬ್ಬಿನ ಜಾಗ, ಬಾಡಿಗೆ, ಮಕ್ಕಳು ಎಂದೆಲ್ಲ ಇತ್ತು. ಇವಳಿಗೆ ಏನಿತ್ತು? ಕಲಾವತಿ ಉತ್ತರ ಬರೆಯಲು ಹೋಗಿ ಅಳಿಸಿದಳು. ಕೊನೆಗೂ ಏನೂ ಬರೆಯಲಿಲ್ಲ.

ಧನುಶ್ರೀ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಎರಡನೇ ಸುತ್ತಿಗೇ ಸೋತಳೆಂದು ಯಾರೋ ಹೇಳಿದರು. ಆಟ ಉದ್ದವಾಯಿತಂತೆ, ಕೈ ಸೋತಿತಂತೆ. ಕೇಳಿ ಖುಷಿಯಾಗಬಹುದು ಅಂದುಕೊಂಡಿದ್ದಳು, ಆಗಲಿಲ್ಲ. ಆ ಹಾಲ್ ಕ್ಲಬ್ಬಿಗೇ ಉಳಿಯಿತು. ಕಟ್ಟಡದ ಮುಂದೆ ಧನುಶ್ರೀಯ ದೊಡ್ಡ ಫ್ಲೆಕ್ಸ್ ಕಟ್ಟಿದರು, ಹೊಸ ಮಕ್ಕಳು ಸೇರಿದರು. ನಾಗಭೂಷಣ್ ಅಂದುಕೊಂಡದ್ದೆಲ್ಲ ಅಂದುಕೊಂಡ ಹಾಗೇ ಆಗಿತ್ತು. ವಿಜಯನಗರದ ಕಡೆ ಹೋಗುವಾಗ ಕಲಾವತಿ ಆ ರಸ್ತೆ ಬಿಟ್ಟು ಸುತ್ತುಬಳಸಿ ಹೋಗುತ್ತಿದ್ದಳು.

ತಿಂಗಳುಗಳಾದ ಮೇಲೆ ಕಸ್ತೂರೆವ್ವನೇ ಅವಳನ್ನು ಎಬ್ಬಿಸಿದಳು. "ಮನ್ಯಾಗ ಕುಂತು ಯಾರ ಮ್ಯಾಲ ಸಿಟ್ಟು ತೀರಸ್ಕೊಂತಿ? ಆಟ ಏನ್ ಮಾಡೇತಿ ನಿನಗ?" ಆಯ್ಕೆಯಲ್ಲಿ ಇವಳ ಎದುರು ಸೋತಿದ್ದ ಹುಡುಗಿಯೊಬ್ಬಳು ಕೆಂಗೇರಿಯ ಕ್ಲಬ್ಬಿಗೆ ಕರೆದಳು. ಕಲಾವತಿ ವಿಜಯನಗರದಲ್ಲಿ ಮೆಟ್ರೋ ಹತ್ತಿ ಹೋಗತೊಡಗಿದಳು. ಅಲ್ಲಿನ ಕೋಚ್ ಗೋಪೀನಾಥ, ಹೆಚ್ಚು ಮಾತಿಲ್ಲದ ಮನುಷ್ಯ. ಅವಳ ಕೈಗೆ ಕಾಲರ್ ಸಿಕ್ಕಿದ್ದನ್ನು ಮೊದಲ ದಿನ ನೋಡಿ ಹುಬ್ಬೇರಿಸಿದರು.

ಜಿಲ್ಲಾ ಪಂದ್ಯಕ್ಕೆ ಕೆಲವು ದಿನ ಇರುವಾಗ ಅವರು ಹೇಳಿದರು: "ಇವತ್ತಿಂದ ಕೈಗೆ ರೆಸ್ಟು ಕೊಡಮ್ಮ. ಬಾರು, ಹಗ್ಗ ಏನೂ ಮುಟ್ಬೇಡ."

ಕಲಾವತಿ ತಲೆಯಾಡಿಸಿದಳು. ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಒಬ್ಬೊಬ್ಬ ಹುಡುಗಿಯನ್ನೂ ಕೇಳಿದಳು: ನಿಂಗೂ ಹಂಗೇ ಹೇಳಿದ್ರಾ? ಎಷ್ಟು ದಿನ ಅಂದ್ರು? ಅಲ್ಲಿಗೂ ಸಮಾಧಾನವಾಗದೆ, ಅಂದು ಬರದಿದ್ದವರಿಗೆ ಫೋನ್ ಮಾಡಿದಳು. ಆ ಮಾತು ಗೋಪೀನಾಥರ ಕಿವಿಗೆ ಬಿತ್ತು. ಮಾರನೆಯ ದಿನ ಕರೆದು ಕೇಳಿದರು.

"ನನ್ ಮೇಲೆ ನಂಬ್ಕೆ ಇಲ್ವಾ?"

"ಇಲ್ಲ ಸರ್" ಎಂದಳು ಕಲಾವತಿ.  ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ಗೋಪೀನಾಥರಿಗೆ ಬೇಜಾರಾದದ್ದು ಮುಖದಲ್ಲೇ ಕಂಡಿತು. "ಸರಿ. ಯಾರನ್ನ ಬೇಕಾದ್ರೂ ಕೇಳ್ಕೋ. ಆದ್ರೆ ರೆಸ್ಟ್ ಮಾಡು" ಎಂದರು.

ಅವಳು ರೆಸ್ಟ್ ಮಾಡಿದಳು. ಜಿಲ್ಲಾ ಪಂದ್ಯದ ಫೈನಲ್ ಉದ್ದವಾಗಿ ಹೋಯಿತು. ಈ ಸಲ ಅವಳ ಬೆರಳುಗಳು ಕೊನೆಯವರೆಗೂ ಬಿಚ್ಚಲಿಲ್ಲ; ಎದುರಿನವಳೇ ದಣಿದು ಬಾಗಿದಾಗ ಕೆಡವಿದಳು. ಗ್ಯಾಲರಿಯಲ್ಲಿ ಈರಪ್ಪ ಎದ್ದು ನಿಂತು ಶಿಳ್ಳೆ ಹಾಕಿದ. ಗೋಪೀನಾಥ ಕುರ್ಚಿಯಿಂದೆದ್ದು ಎರಡೂ ಕೈ ಚಾಚಿ ನಗುತ್ತಾ ಬಂದರು. ಕಲಾವತಿ ನಿಯಮದಂತೆ ಸೊಂಟ ಬಾಗಿಸಿ ಅವರಿಗೆ ವಂದಿಸಿದಳು. ತಲೆಯೆತ್ತಿದಾಗ ಅವರ ನಗುವನ್ನು ಗಮನವಿಟ್ಟು ನೋಡಿದಳು. ಅದು ನಿಜದ ಸಂತೋಷದಂತೆಯೇ ಇತ್ತು. ಆದರೂ ಅವಳು ಇನ್ನೊಂದು ಸಲ ನೋಡಿದಳು.